ಹದಿಹರೆಯದ ದುಡಿಮೆಗೊಂದು ಸ್ವಂತ ಲೆಕ್ಕ

ನಮ್ಮ ಬೀದರ ಜಿಲ್ಲೆಯ ಹುಡುಗ ಹುಡುಗಿಯರು ದುಡಿಯಲಾರರು, ಅವರಿಗೆ ಮೈಬಗ್ಗದು ಎಂದು ಹಿರಿಯರು ಆಗಾಗ ಆಡಿಕೊಳ್ಳುವುದುಂಟು. ಈ ಮಾತನ್ನು ನಾನು ಒಪ್ಪಲಾರೆ. ಔರಾದ ತಾಲೂಕಿನ ಯಾವ ಹಳ್ಳಿಗೇ ಹೋಗಿ ನೋಡಿರಿ. ಶಾಲೆಯಿಂದ ಬಂದ ಹುಡುಗ ಪಾಟೀಚೀಲವನ್ನು ಗೂಟಕ್ಕೆ ತೂಗುಹಾಕಿ ಆಡು ಮೇಯಿಸಲು ಹೊರಡುತ್ತಾನೆ. ಭಾಲ್ಕಿಯ ಪೇಟೆಯಲ್ಲಿ ಕಾಲೇಜು ಮುಗಿಸಿದವನು ಸಂಜೆ ಅಪ್ಪನ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾನೆ. ಬೀದರ ನಗರದ ಹಳೆಯ ಓಣಿಗಳಲ್ಲಿ ಹತ್ತನೆಯ ತರಗತಿಯ ಹುಡುಗಿ ನೆರೆಮನೆಯವರ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ದುಡಿಮೆಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಇಷ್ಟೆಲ್ಲ ದುಡಿದ ಮೇಲೆ, "ಇದರಲ್ಲಿ ನಿನ್ನ ಗಳಿಕೆ ಎಷ್ಟು?" ಎಂದು ಅವರನ್ನು ಕೇಳಿದರೆ ಉತ್ತರ ಬಾರದು. ಏಕೆಂದರೆ ಆ ದುಡಿಮೆಗೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ದುಡಿಮೆಗೆ ಒಡೆಯನೂ ಇಲ್ಲ.

ಹದಿಹರೆಯದವರು ಸ್ವಂತ ವ್ಯಾಪಾರವನ್ನು ಆರಂಭಿಸುವುದು ಹೇಗೆ ಎಂಬ ಪ್ರಶ್ನೆ ಬಂದಾಗ ಜನರು ಮೊದಲು ಬಂಡವಾಳದ ಮಾತನ್ನೆತ್ತುತ್ತಾರೆ. ಆಮೇಲೆ ಸಾಲದ ಮಾತು, ಅದರ ಮೇಲೆ ಸರಕಾರದ ಯೋಜನೆಯ ಮಾತು. ನನ್ನ ನಮ್ರ ಅಭಿಪ್ರಾಯ ಬೇರೆ. ನಾವು ಈಗಾಗಲೇ ಮಾಡುತ್ತಿರುವ ಯಾವುದಾದರೊಂದು ಕೆಲಸವನ್ನು ಮನೆಯ ಒಟ್ಟು ದುಡಿಮೆಯಿಂದ ಬೇರ್ಪಡಿಸಿ, ಅದಕ್ಕೊಂದು ಪ್ರತ್ಯೇಕ ಲೆಕ್ಕದ ಪುಸ್ತಕ ಇಟ್ಟ ದಿನವೇ ವ್ಯಾಪಾರ ಆರಂಭವಾಯಿತೆಂದು ತಿಳಿಯಬೇಕು. ಹೊಸ ಉದ್ಯೋಗವನ್ನು ಹುಡುಕಿಕೊಂಡು ದೂರ ಹೋಗುವ ಮೊದಲು ಕಾಲ ಬಳಿಯಲ್ಲಿರುವುದನ್ನು ಎಣಿಸಿ ನೋಡೋಣ ಎಂಬುದಿಷ್ಟೇ ಈ ಲೇಖನದ ಆಶಯ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲಿ ವಿಶೇಷ ಕಾರಣವಿದೆ. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದವರು; 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದವರು. ಹಿಂದುಳಿದ ಭಾಗವೆಂಬ ಕಾರಣಕ್ಕಾಗಿ 2012ರ ತಿದ್ದುಪಡಿಯಿಂದ ಸಂವಿಧಾನದಲ್ಲಿ 371(ಜೆ) ಎಂಬ ವಿಧಿಯೇ ನಮಗಾಗಿ ಸೇರಿತು. ಇದರಿಂದ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ನಮಗೆ ಮೀಸಲಾತಿ ದೊರೆಯಿತು. ಅದು ಸಂತೋಷದ ಸಂಗತಿಯೇ. ಆದರೆ ನಮ್ಮ ತರಗತಿಯಲ್ಲಿ ಕುಳಿತ ಅರವತ್ತು ಜನರಿಗೂ ಸರಕಾರಿ ಕುರ್ಚಿ ಸಿಕ್ಕೀತೆ? ಸಿಗದವರು ಮಾಡುವುದೇನು? ಹೈದರಾಬಾದಿನ ಬಸ್ಸು, ಇಲ್ಲವೆ ಪುಣೆ ಮುಂಬಯಿಗಳ ರೈಲು ಹಿಡಿಯುತ್ತಾರೆ. ಅಲ್ಲಿ ಹೋಗಿ ಇಟ್ಟಿಗೆ ಹೊರುವವರೂ, ಕಾವಲು ಕಾಯುವವರೂ, ಹೊಟೇಲಿನಲ್ಲಿ ತಟ್ಟೆ ತೊಳೆಯುವವರೂ ಇದೇ ಕಾಲೇಜುಗಳಲ್ಲಿ ಕಲಿತ ನಮ್ಮ ಅಣ್ಣಂದಿರು. ದುಡಿದು ಉಣ್ಣುವುದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪರಊರಿನಲ್ಲಿ ಕೂಲಿಯಾಗಿ ಕಲಿಯುವ ಪಾಠವನ್ನು ಹದಿನಾರನೆಯ ವಯಸ್ಸಿನಲ್ಲಿ ಸ್ವಂತ ಊರಿನಲ್ಲಿ, ಸ್ವಂತ ಲೆಕ್ಕದಲ್ಲಿ ಕಲಿಯಲು ಏಕೆ ಆಗಬಾರದು?

ವಚನಕಾರರ ಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲಿಯೇ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ನೆರೆದವರು ದೋಣಿ ನಡೆಸುವವರು, ಬಟ್ಟೆ ಒಗೆಯುವವರು, ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು. ಕಾಯಕವೆಂದರೆ ಬರಿಯ ಕೂಲಿಯಲ್ಲ, ತನ್ನ ಕೈಯಾರೆ ಗಳಿಸಿ ಹಂಚಿ ಉಣ್ಣುವುದು ಎಂದು ಜಗತ್ತಿಗೆ ಸಾರಿದ ನೆಲದಲ್ಲಿ ಹುಟ್ಟಿದ ನಾವು, ಸಂತೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂಡಲು ನಾಚುತ್ತೇವೆ! ಸಹಪಾಠಿ ನೋಡಿದರೆ ಏನೆಂದಾನೋ ಎಂದು ಮುಖ ತಿರುಗಿಸುತ್ತೇವೆ. ಈ ನಾಚಿಕೆ ಕಳಚಿದರೆ ಅರ್ಧ ಬಂಡವಾಳ ಕೂಡಿತೆಂದೇ ಲೆಕ್ಕ.

ಇನ್ನು ಊರೂರಿನ ಮಾತಿಗೆ ಬರೋಣ. ಮೊದಲು ಬೀದರ ನಗರವನ್ನೇ ತೆಗೆದುಕೊಳ್ಳುವಾ. ಬಹಮನಿ ಸುಲ್ತಾನರ ಕೋಟೆ, 1472ರಲ್ಲಿ ಕಟ್ಟಿದ ಮಹಮೂದ ಗವಾನರ ಮದರಸಾ, ಅಷ್ಟೂರಿನ ಗುಮ್ಮಟಗಳು, ಝರಣಿ ನರಸಿಂಹ, ಗುರು ನಾನಕ ಝೀರಾ ಇವುಗಳನ್ನು ನೋಡಲು ತೆಲಂಗಾಣ ಮಹಾರಾಷ್ಟ್ರಗಳಿಂದಲೂ, ದೂರದ ಪಂಜಾಬದಿಂದಲೂ ಜನರು ಬರುತ್ತಾರೆ. ಬಂದವರು ಬೀದರದಿಂದ ಏನನ್ನು ಒಯ್ಯುತ್ತಾರೆ? ಬಹುಮಂದಿ ಮೊಬೈಲಿನಲ್ಲಿ ನಾಲ್ಕು ಚಿತ್ರಗಳನ್ನು ಒಯ್ಯುತ್ತಾರೆ, ಅಷ್ಟೇ. ಚಿತ್ರ ಬರೆಯಬಲ್ಲ ವಿದ್ಯಾರ್ಥಿಯೊಬ್ಬನು ಈ ಎಲ್ಲ ಸ್ಥಳಗಳ ಒಂದು ಕೈಬರಹದ ನಕಾಶೆಯನ್ನು ಮಾಡಿ, ಕನ್ನಡ, ಉರ್ದು, ಮರಾಠಿ, ಹಿಂದಿಗಳಲ್ಲಿ ಹೆಸರು ಬರೆದು, ಮುದ್ರಿಸಿ ಮಾರಿದರೆ ಯಾರು ಬೇಡವೆಂದಾರು? ಕೋಟೆಯ ಆವರಣದೊಳಗೆ ಮಾರಲು ಪುರಾತತ್ವ ಇಲಾಖೆಯ ಅಪ್ಪಣೆ ಬೇಕು. ಆದರೆ ಪುಸ್ತಕದ ಅಂಗಡಿಯವರು, ವಸತಿಗೃಹದವರು ನಾಲ್ಕು ಪ್ರತಿಗಳನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಾರು.

ಬೀದರವೆಂದೊಡನೆ ಬಿದರಿ ಕಲೆಯ ನೆನಪಾಗದೆ ಇರದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರಿನಿಂದ ಕಪ್ಪಾಗಿಸಿ, ಅದರ ಮೇಲೆ ಬಳ್ಳಿ ಹೂಗಳನ್ನು ಕೊರೆದು, ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸುವುದು. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಹಚ್ಚಿದಾಗ ಲೋಹವೆಲ್ಲ ಕಾಡಿಗೆಗಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವುದು. 2006ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. 2023ರಲ್ಲಿ ಬೀದರದ ಶಾಹ ರಶೀದ ಅಹಮದ ಖಾದ್ರಿಯವರಿಗೆ ಪದ್ಮಶ್ರೀ ಬಂದಿತು. ಆದರೂ ಉಸ್ತಾದರ ಮನೆಯ ಹುಡುಗರೇ ಈ ಕಲೆಯನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದಾರೆಂಬ ಕೊರಗು ನಗರದಲ್ಲಿ ಕೇಳಿಬರುತ್ತದೆ. 2025ರಲ್ಲಿ ಬೆಳ್ಳಿಯ ಬೆಲೆ ಕಿಲೋಗೆ ಒಂದು ಲಕ್ಷ ರೂಪಾಯಿಗಳನ್ನು ದಾಟಿತು. ದೊಡ್ಡ ಹೂದಾನಿ, ಹುಕ್ಕಾಗಳನ್ನು ಕೊಳ್ಳುವವರು ವಿರಳ. ಹೀಗಿರುವಾಗ ಕೀಲಿಗೊಂಚಲು, ಕಿವಿಯೋಲೆ, ಪದಕ ಮುಂತಾದ ಸಣ್ಣ ವಸ್ತುಗಳಿಗೆ ಹೊಸ ವಿನ್ಯಾಸ ಬರೆಯುವವರು ಬೇಕು. ಅವುಗಳ ಒಳ್ಳೆಯ ಚಿತ್ರ ತೆಗೆದು, ನಾಲ್ಕು ಸಾಲು ವಿವರಣೆ ಬರೆದು, ದೂರದ ಗಿರಾಕಿಗೆ ತೋರಿಸಿ, ಜತನವಾಗಿ ಕಟ್ಟಿ ಅಂಚೆಗೆ ಹಾಕುವವರು ಬೇಕು. ಇದು ಹದಿನೇಳರ ಹುಡುಗ ಹುಡುಗಿಯರು ಮಾಡಬಲ್ಲ ಕೆಲಸ. ಎರಕ ಹೊಯ್ಯುವುದು, ಕುಲುಮೆಯ ಹೊಗೆ, ಲೋಹದ ಧೂಳು ಇವು ಎಳೆಯರಿಗೆ ತಕ್ಕವಲ್ಲ. ಅದನ್ನು ಕಸುಬು ಬಲ್ಲ ಹಿರಿಯರಿಗೇ ಬಿಡಬೇಕು. ಮಾರಿದ ಒಂದೊಂದು ವಸ್ತುವಿಗೆ ಇಷ್ಟು ಎಂದು ಉಸ್ತಾದರೊಡನೆ ಮೊದಲೇ ಮಾತಾಡಿಕೊಂಡರೆ ಸಾಕು. ಒಂದು ಪೈಸೆಯನ್ನೂ ಹೂಡದೆ ವ್ಯಾಪಾರ ಮೊದಲಾದೀತು.

ಭಾಲ್ಕಿಯ ಪರಿಸ್ಥಿತಿ ಬೇರೆ. ಬ್ಯಾಲಹಳ್ಳಿಯ ಹತ್ತಿರ ಕಾರಂಜಾ ಜಲಾಶಯವಿದೆ. ನೀರು ಕಂಡ ಹೊಲಗಳಲ್ಲಿ ಕಬ್ಬು ನಿಂತಿದೆ. ಹುಣಜಿಯಲ್ಲಿ ಸಹಕಾರಿ ಸಕ್ಕರೆ ಕಾರಖಾನೆ ಎದ್ದದ್ದೂ ಈ ಕಬ್ಬನ್ನು ನಂಬಿಯೇ. ಇಲ್ಲಿಯ ರೈತರು ಹಿಂದಿನಿಂದಲೂ ಕಬ್ಬಿನ ತುಂಡುಗಳನ್ನೇ ಸಾಲಿನಲ್ಲಿ ಹೂಳುತ್ತ ಬಂದವರು. ಈಗೀಗ ಒಂದೇ ಕಣ್ಣಿನ ಸಸಿಗಳನ್ನು ನೆಡುವ ಪದ್ಧತಿ ಬಂದಿದೆ. ಎಂಟು ಹತ್ತು ತಿಂಗಳ ನಿರೋಗಿ ಕಬ್ಬಿನಿಂದ ಕಣ್ಣುಗಳನ್ನು ಬಿಡಿಸಿ, ಬೀಜೋಪಚಾರ ಮಾಡಿ, ತೆಂಗಿನ ನಾರಿನ ಪುಡಿಯನ್ನೂ ಎರೆಗೊಬ್ಬರವನ್ನೂ ತುಂಬಿದ ತಟ್ಟೆಗಳ ಗುಳಿಗಳಲ್ಲಿ ಊರಿ, ನೆರಳಿನಲ್ಲಿಟ್ಟು ನೀರು ಚಿಮುಕಿಸಿದರೆ ನಾಲ್ಕೈದು ವಾರಗಳಲ್ಲಿ ಸಸಿ ಸಿದ್ಧ. ಸಾಲುಗಳನ್ನು ಅಗಲವಾಗಿ ಬಿಟ್ಟರೆ ಎಕರೆಗೆ ಸುಮಾರು ಐದು ಸಾವಿರ ಸಸಿಗಳು ಸಾಕಾಗುತ್ತವೆ. ತುಂಡು ಹೂಳುವಾಗ ಬೇಕಾಗುವ ಟನ್ನುಗಟ್ಟಲೆ ಬಿತ್ತನೆಯ ಕಬ್ಬು ಉಳಿಯುತ್ತದೆ. ಈ ಕೆಲಸಕ್ಕೆ ಹಿತ್ತಲಿನಷ್ಟು ಜಾಗ, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಸಾಕು. ಕಬ್ಬು ಬೇಡವೆಂದರೆ ಟೊಮ್ಯಾಟೊ, ಬದನೆ, ಮೆಣಸಿನಕಾಯಿಯ ಸಸಿಗಳಿಗೂ ಇದೇ ಕ್ರಮ. ಗಿರಾಕಿಯನ್ನು ಹುಡುಕಲು ಊರು ಸುತ್ತಬೇಕಾಗಿಲ್ಲ. ನಮ್ಮ ಅಪ್ಪಂದಿರೇ, ಕಾಕಂದಿರೇ ಗಿರಾಕಿಗಳು. ಒಂದು ಎಚ್ಚರಿಕೆ ಮಾತ್ರ ಇರಲಿ: ಮೊದಲು ಗಿರಾಕಿಯ ಮಾತು ತೆಗೆದುಕೊಂಡು ಆಮೇಲೆ ಸಸಿ ಹಾಕಬೇಕು. ಬೆಳೆದು ನಿಂತ ಸಸಿ ನಮಗಾಗಿ ಕಾಯುವುದಿಲ್ಲ.

ಔರಾದ ನನ್ನ ತಾಲೂಕು. ಆದುದರಿಂದ ಅದರ ವಿಷಯವನ್ನು ತುಸು ಅಭಿಮಾನದಿಂದಲೇ ಹೇಳುತ್ತೇನೆ. ಮಳೆಯನ್ನು ನಂಬಿದ ಭೂಮಿ. ಉದ್ದು, ಹೆಸರು, ತೊಗರಿ, ಸೋಯಾ ಇವೇ ಬೆಳೆಗಳು. ಬೆಳೆ ಕೈಕೊಟ್ಟ ವರ್ಷ ಮನೆಯನ್ನು ಹಿಡಿದು ನಿಲ್ಲಿಸುವವು ಕೊಟ್ಟಿಗೆಯ ದೇವಣಿ ಹಸು, ಅಂಗಳದ ಆಡು, ಗೂಡಿನ ಕೋಳಿ. ಮಹಾರಾಷ್ಟ್ರದ ಕಡೆಯಿಂದ ಬಂದ ಉಸ್ಮಾನಾಬಾದಿ ಆಡುಗಳು ನಮ್ಮ ಬಿಸಿಲಿಗೂ ಕುರುಚಲು ಗಿಡಗಳಿಗೂ ಒಗ್ಗಿದಂಥವು. ಐದು ತಿಂಗಳಿಗೆ ಈಯುತ್ತವೆ, ಹಲವು ಸಲ ಅವಳಿ ಮರಿ ಹಾಕುತ್ತವೆ. ಅಂಗಳದಲ್ಲಿ ಮೇಯುವ ಗಿರಿರಾಜ ಕೋಳಿ ರೂಪುಗೊಂಡದ್ದು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ. ಆ ಕಾಲೇಜು ಇಂದು ಸೇರಿರುವ ಪಶುವೈದ್ಯ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ನಮ್ಮ ಬೀದರವೇ. ಸಲಹೆ ಕೇಳಲು ನಾವು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಔರಾದದಿಂದ ಬೀದರಕ್ಕೆ ಒಂದು ಬಸ್ಸು ಹತ್ತಿದರಾಯಿತು.

ಹುಡುಗನೊಬ್ಬನು ಎರಡು ಹೆಣ್ಣು ಮರಿಗಳನ್ನು ತನ್ನ ಹೆಸರಿಗೆ ಮಾಡಿಕೊಂಡು, ಕೊಂಡ ಬೆಲೆ, ಲಸಿಕೆ, ಹಿಂಡಿಯ ಖರ್ಚು, ಮಾರಿದ ಬೆಲೆ ಎಲ್ಲವನ್ನೂ ಬರೆದಿಡಲಿ. ಅಪ್ಪನ ಹತ್ತು ಆಡುಗಳೊಡನೆ ಅವೂ ಮೇಯುತ್ತವೆ. ಹೆಚ್ಚಿನ ಶ್ರಮವೇನೂ ಇಲ್ಲ. ವ್ಯತ್ಯಾಸ ಇಷ್ಟೇ: ಅಪ್ಪ ಆಡು ಮಾರುವುದು ಮನೆಗೆ ರೊಕ್ಕ ಬೇಕಾದಾಗ, ಲೆಕ್ಕವಿಟ್ಟ ಮಗನು ಮಾರುವುದು ಬೆಲೆ ಬಂದಾಗ. ಬಕ್ರೀದಿಗೆ ಮುಂಚಿನ ವಾರಗಳಲ್ಲಿ ಹೋತಿನ ಬೆಲೆ ಏರುವುದು ಎಲ್ಲರಿಗೂ ಗೊತ್ತು. ಆದರೆ ಆ ಹೊತ್ತಿಗೆ ಮಾರಲು ಕೊಟ್ಟಿಗೆಯಲ್ಲಿ ಹೋತು ಉಳಿದಿರಬೇಕಲ್ಲ! ಉಳಿಸುವ ಬುದ್ಧಿಯನ್ನು ಕಲಿಸುವುದು ಲೆಕ್ಕದ ಪುಸ್ತಕವೇ.

ಔರಾದದ ಹುಡುಗರಿಗೆ ಇನ್ನೊಂದು ಸಂಪತ್ತಿದೆ. ಅದನ್ನು ಅವರು ಸಂಪತ್ತೆಂದೇ ತಿಳಿದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಗೆಳೆಯರೊಡನೆ ಉರ್ದು, ಗಡಿಯ ಬಂಧುಗಳೊಡನೆ ತೆಲುಗು: ಹೀಗೆ ಮೂರು ನಾಲ್ಕು ಭಾಷೆಗಳಲ್ಲಿ ಅವರು ಚೌಕಾಸಿ ಮಾಡಬಲ್ಲರು. ಗಡಿಯಾಚೆಯ ಉದಗೀರ, ದೇಗಲೂರುಗಳ ಪೇಟೆಗಳಲ್ಲಿ ಈ ನಾಲಿಗೆಯೇ ಬಂಡವಾಳ. ನಮ್ಮ ಭಾಷೆ ಶುದ್ಧವಲ್ಲವೆಂದು ಅಳುಕುವುದನ್ನು ಬಿಟ್ಟು, ನಾಲ್ಕು ಪೇಟೆಗಳ ಬೆಲೆಯನ್ನು ಕೇಳಿ ತಿಳಿಯಬಲ್ಲೆವೆಂದು ಹೆಮ್ಮೆಪಡೋಣ.

ಇಲ್ಲಿ ನನ್ನ ಅನುಭವದ ಒಂದೆರಡು ಮಾತು ಹೇಳಿದರೆ ಅಪ್ರಸ್ತುತವಾಗಲಾರದು. ನಾನು ಪಿ.ಯು.ಸಿ. ಓದುತ್ತಿದ್ದಾಗ ಊರಿನಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದೆ. ನಲವತ್ತು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಾಲು ಹಾಕಿದ್ದೆ: ಖರ್ಚು, ಜಮಾ, ಉದ್ರಿ. ಮದುವೆಯ ತಿಂಗಳುಗಳಲ್ಲಿ ಮೂರನೆಯ ಸಾಲು ಉಳಿದೆರಡಕ್ಕಿಂತ ಉದ್ದವಾಗುತ್ತಿತ್ತು. ಕೇಳಲು ಹೋದರೆ ಓಣಿಯ ಅತ್ತೆಯೊಬ್ಬರು, "ಮನಿ ಹುಡಗಿಗಿ ಯಾನ್ ರೊಕ್ಕಾ ಕೊಡಾದವ್ವಾ?" ಎಂದು ನಕ್ಕುಬಿಟ್ಟರು. ಅವರದು ಕೆಟ್ಟ ಮನಸ್ಸಲ್ಲ. ಹುಡುಗಿಯ ಕೈಕೆಲಸಕ್ಕೆ ಬೆಲೆಯಿದೆ ಎಂಬುದು ಅವರಿಗೆ ತೋಚಿರಲೇ ಇಲ್ಲ. ಮರುದಿನ ನಾನು ನೋಟ್‌ಬುಕ್ಕನ್ನೇ ಒಯ್ದು ಅವರ ಮುಂದೆ ತೆರೆದಿಟ್ಟೆ. ತಮ್ಮ ಹೆಸರಿನ ಮುಂದೆ ದಾರಕ್ಕಿಷ್ಟು, ಬಟ್ಟೆಗಿಷ್ಟು, ಕೈಕೆಲಸಕ್ಕಿಷ್ಟು ಎಂದು ಬರೆದುದನ್ನು ಮಗನಿಂದ ಓದಿಸಿ ಕೇಳಿದ ಮೇಲೆ ಅವರು ಸೆರಗಿನ ಗಂಟು ಬಿಚ್ಚಿದರು. ಬಾಯಿಮಾತಿಗಿಲ್ಲದ ಮರ್ಯಾದೆ ಬರೆದ ಅಂಕಿಗೆ ಇರುತ್ತದೆ. ಅಂದಿನಿಂದ ನನ್ನ ನಿಯಮ ಇದು: ಪರಿಚಿತರಿಗೆ ಬೆಲೆಯಲ್ಲಿ ರಿಯಾಯಿತಿ ಉಂಟು, ಉದ್ರಿ ಇಲ್ಲ.

ಲೆಕ್ಕವು ಮತ್ತೊಂದು ಸತ್ಯವನ್ನೂ ತೋರಿಸುತ್ತದೆ. ಖಡಕ್ ರೊಟ್ಟಿ ಮಾಡಿ ನಗರದ ಖಾನಾವಳಿಗೆ ಕೊಡುವ ವ್ಯಾಪಾರವನ್ನೇ ತೆಗೆದುಕೊಳ್ಳಿರಿ. ನಾನು ಕೊಡುವ ಅಂಕಿಗಳು ಉದಾಹರಣೆಗೆ ಮಾತ್ರ; ಓದುಗರು ತಮ್ಮ ಊರಿನ ಬೆಲೆಗಳನ್ನು ಹಾಕಿಕೊಳ್ಳಬಹುದು. ನೂರು ರೊಟ್ಟಿಗೆ ಹಿಟ್ಟು 200 ರೂಪಾಯಿ, ಉರುವಲು 60, ಚೀಲ ಮತ್ತು ಬಸ್ಸಿನ ಖರ್ಚು 60, ಒಟ್ಟು 320. ರೊಟ್ಟಿಗೆ 6 ರೂಪಾಯಿಯಂತೆ ಮಾರಿದರೆ 600. ಉಳಿಯಿತು 280. "ಒಂದು ದಿನಕ್ಕೆ 280 ಲಾಭ!" ಎಂದು ಹುಡುಗನು ಹಿಗ್ಗುತ್ತಾನೆ. ಆದರೆ ರೊಟ್ಟಿ ತಟ್ಟಿದವರು ಯಾರು? ಅವ್ವ ಐದು ಗಂಟೆ, ಅಕ್ಕ ಐದು ಗಂಟೆ ಒಲೆಯ ಮುಂದೆ ಕುಳಿತಿದ್ದಾರೆ. ಹತ್ತು ಗಂಟೆಗಳಿಗೆ ಹಂಚಿದರೆ ಗಂಟೆಗೆ 28 ರೂಪಾಯಿ. ಇದು ಲಾಭವಲ್ಲ, ಇದು ಅವ್ವ ಅಕ್ಕಂದಿರ ಕೂಲಿ, ಅದೂ ಬಲು ಕಡಿಮೆ ಕೂಲಿ. ಮಗನ ವ್ಯಾಪಾರವೆಂದು ಹೆಸರು, ತಾಯಿಯ ಬೆನ್ನು ನೋವು! ಆದುದರಿಂದ ಲೆಕ್ಕದ ಪುಸ್ತಕದಲ್ಲಿ ಮನೆಯವರ ಕೂಲಿಗೆ ಒಂದು ಸಾಲು ಇರಲೇಬೇಕು. ಆ ಸಾಲು ತುಂಬಿದ ಮೇಲೆ ಉಳಿದರೆ ಲಾಭ. ಉಳಿಯದಿದ್ದರೆ ಉಪಾಯವನ್ನು ಬದಲಿಸಬೇಕು. ರೊಟ್ಟಿಯೊಡನೆ ಶೇಂಗಾ ಹಿಂಡಿಯನ್ನೂ ಕೂಡಿಸಿ ಕೊಡಬಹುದು. ಖಡಕ್ ರೊಟ್ಟಿ ಬೇಗ ಕೆಡದಾದುದರಿಂದ ದಿನಕ್ಕೊಮ್ಮೆ ಹೋಗುವ ಬದಲು ವಾರಕ್ಕೆರಡು ಸಲ ಒಯ್ದು ಬಸ್ಸಿನ ಖರ್ಚು ಉಳಿಸಬಹುದು. ಎಳ್ಳಮಾವಾಸ್ಯೆಯ ಸಮಯದಲ್ಲಿ ನಗರದ ನೌಕರರ ಮನೆಗಳಿಗೆ ಸಜ್ಜೆಯ ರೊಟ್ಟಿಯನ್ನು ಮೊದಲೇ ಮಾತಾಡಿ ಒದಗಿಸಬಹುದು. ಹುಡುಗಿಯರಿಗೆ ಈ ಮಾತು ಇನ್ನೂ ಮುಖ್ಯ. ತನ್ನ ದುಡಿಮೆಯ ಲೆಕ್ಕ ತನ್ನ ಕೈಯಲ್ಲಿರುವ ಹುಡುಗಿಯು, "ಓದು ಸಾಕು, ಮದುವೆ ಮಾಡೋಣ" ಎಂಬ ಮಾತು ಮನೆಯಲ್ಲಿ ಎದ್ದಾಗ, ಮುಂದಿನ ವರ್ಷದ ಶುಲ್ಕವನ್ನು ತಾನೇ ಕಟ್ಟುತ್ತೇನೆಂದು ಹೇಳಬಲ್ಲಳು. ಇದು ಸಣ್ಣ ಬಲವಲ್ಲ.

ಕಾನೂನಿನ ಮಾತನ್ನು ಮರೆಯುವಂತಿಲ್ಲ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲದು. ಆದುದರಿಂದ ಸಾಲ, ಬಾಡಿಗೆ ಮುಂತಾದ ಕಾಗದಗಳು ತಂದೆ ತಾಯಿಗಳ ಹೆಸರಿನಲ್ಲಿಯೇ ಆಗಬೇಕು. ಆದರೆ ಹತ್ತು ವರ್ಷ ತುಂಬಿದವರು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಜರ್ವ್ ಬ್ಯಾಂಕು ಅವಕಾಶ ಕೊಟ್ಟಿದೆ. 2025ರ ಏಪ್ರಿಲಿನಲ್ಲಿ ಆ ಬಗ್ಗೆ ಹೊಸ ಸೂಚನೆಗಳನ್ನೂ ಹೊರಡಿಸಿತು. ಬೀದಿಬದಿಯ ವ್ಯಾಪಾರಿಗಳ 2014ರ ಕಾಯ್ದೆಯಲ್ಲಿ ಹದಿನಾಲ್ಕು ತುಂಬಿದವರಿಗೂ ವ್ಯಾಪಾರದ ಪ್ರಮಾಣಪತ್ರಕ್ಕೆ ಎಡೆಯಿದೆ. 2016ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯ್ದೆಯಂತೆ ಹದಿನಾಲ್ಕರೊಳಗಿನವರನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಶಾಲೆಯ ವೇಳೆಯ ಹೊರಗೆ ಮನೆಯವರ ಅಪಾಯವಿಲ್ಲದ ಉದ್ಯೋಗದಲ್ಲಿ ನೆರವಾಗಬಹುದಷ್ಟೇ. ಹದಿನೆಂಟರೊಳಗಿನವರಿಗೆ ಅಪಾಯದ ಕೆಲಸಗಳು ನಿಷಿದ್ಧ. ತಿನಿಸು ಮಾರುವವರು ಎಷ್ಟೇ ಸಣ್ಣವರಿದ್ದರೂ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಾಯಿಸಬೇಕು. ಇದೂ ಹಿರಿಯರ ಹೆಸರಿನಲ್ಲಿರಲಿ. ಹದಿನೆಂಟು ತುಂಬಿದ ಮೇಲೆ ದಾರಿ ಅಗಲವಾಗುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಮುಂದೆ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ತರಬೇತಿ ಸಂಸ್ಥೆಗಳನ್ನು ತೆರೆದವು; ಅಲ್ಲಿ ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಸುತ್ತಾರೆ. 2015ರ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಸಾಲ ಕೇಳಬಹುದು. ಎರಡು ವರ್ಷದ ಲೆಕ್ಕದ ಪುಸ್ತಕವನ್ನು ಮುಂದಿಟ್ಟು ಸಾಲ ಕೇಳುವ ಹುಡುಗನಿಗೂ, ಬರಿಗೈಯಲ್ಲಿ ಬಂದು ಕೇಳುವ ಹುಡುಗನಿಗೂ ಬ್ಯಾಂಕಿನವರ ಕಣ್ಣಿನಲ್ಲಿ ಎಷ್ಟು ಅಂತರವಿದ್ದೀತೆಂದು ಯೋಚಿಸಿರಿ.

ಇನ್ನು ಮೋಸದ ದಾರಿಗಳು. "ಮನೆಯಲ್ಲಿ ಕುಳಿತು ದಿನಕ್ಕೆ ಸಾವಿರ ಗಳಿಸಿರಿ" ಎಂಬ ಸಂದೇಶ ನಮ್ಮೆಲ್ಲರ ಮೊಬೈಲಿಗೂ ಬಂದಿದೆ. ಮೊದಲು ನೀವು ರೊಕ್ಕ ಕಟ್ಟಿರಿ, ಆಮೇಲೆ ನಾಲ್ವರನ್ನು ಸೇರಿಸಿರಿ, ಅವರು ಮತ್ತೆ ನಾಲ್ವರನ್ನು ಸೇರಿಸಲಿ ಎನ್ನುವ ಸರಪಳಿಯನ್ನು 1978ರ ಕಾಯ್ದೆಯೇ ನಿಷೇಧಿಸಿದೆ. ಹಣ ಕಟ್ಟಿ ಆಡುವ ಮೊಬೈಲ್ ಆಟಗಳನ್ನು 2025ರಲ್ಲಿ ಸಂಸತ್ತು ಕಾಯ್ದೆ ಮಾಡಿ ನಿಲ್ಲಿಸಿತು. ಇಷ್ಟಾದರೂ ಹೊಸ ಹೊಸ ವೇಷದಲ್ಲಿ ಇವು ಬರುತ್ತಲೇ ಇರುತ್ತವೆ. ಗುರುತಿಸಲು ಒಂದು ಸುಲಭವಾದ ಪರೀಕ್ಷೆಯಿದೆ: ಯಾವ ವಸ್ತುವನ್ನು ಮಾರಿದೆ, ಯಾರ ಯಾವ ಕೆಲಸ ಮಾಡಿಕೊಟ್ಟೆ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಬರುವುದಿಲ್ಲವೋ, ಅದು ವ್ಯಾಪಾರವಲ್ಲ.

"ವ್ಯಾಪಾರಕ್ಕೆ ಬಿದ್ದರೆ ಓದು ಕೆಡುತ್ತದೆ" ಎಂದು ಪಾಲಕರೂ ಗುರುಗಳೂ ಹೇಳುವ ಮಾತನ್ನು ತಳ್ಳಿಹಾಕುವಂತಿಲ್ಲ. ರೊಕ್ಕದ ರುಚಿ ಹತ್ತಿದ ಎಳೆಯನು ಪುಸ್ತಕವನ್ನು ಮೂಲೆಗಿಡುವ ಸಂಭವ ಉಂಟು. ಅದಕ್ಕೆಂದೇ ದಿನಕ್ಕೆ ಎರಡು ಗಂಟೆ, ಪರೀಕ್ಷೆಯ ತಿಂಗಳಲ್ಲಿ ಪೂರ್ಣ ವಿರಾಮ ಎಂದು ಮಿತಿ ಹಾಕಿಕೊಳ್ಳಬೇಕು. ಆದರೆ ಓದು ಮತ್ತು ದುಡಿಮೆ ಹುಟ್ಟುವೈರಿಗಳೇನೂ ಅಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಬಡವರ ಮಕ್ಕಳು ಹೊಲದಲ್ಲಿ ದುಡಿದು ತಮ್ಮ ಶಿಕ್ಷಣವನ್ನು ತಾವೇ ಗಳಿಸಿಕೊಳ್ಳುವ ದಾರಿ ತೋರಿಸಿದರು. ಅದೇ 1919ರಲ್ಲಿ ದೂರದ ಅಮೆರಿಕದಲ್ಲಿ ಜೂನಿಯರ್ ಅಚೀವ್‌ಮೆಂಟ್ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿ ಹದಿಹರೆಯದವರು ಸೇರಿ ಪುಟ್ಟ ಕಂಪನಿ ಕಟ್ಟಿ, ಸಣ್ಣ ಸಣ್ಣ ಪಾಲು ಮಾರಿ, ವಸ್ತು ತಯಾರಿಸಿ, ವರ್ಷದ ಕೊನೆಗೆ ಲೆಕ್ಕ ಒಪ್ಪಿಸಿ ಕಂಪನಿಯನ್ನು ಮುಚ್ಚುವ ರೂಢಿ ಬೆಳೆಯಿತು. ಭೂಮಿಯ ಎರಡು ತುದಿಗಳಲ್ಲಿ, ಒಂದೇ ವರ್ಷದಲ್ಲಿ, ಒಂದು ಕಡೆ ಬಡತನದಿಂದಲೂ ಇನ್ನೊಂದು ಕಡೆ ಉದ್ಯಮದಿಂದಲೂ ಹುಟ್ಟಿದ ಈ ಎರಡು ಪ್ರಯತ್ನಗಳು ಒಂದೇ ಪಾಠವನ್ನು ಹೇಳುತ್ತವೆ: ಗಳಿಸಲು ಕಲಿಯುವುದೂ ವಿದ್ಯೆಯೇ.

ನಮ್ಮ ಕಾಲೇಜಿನಲ್ಲಿಯೂ ಇಂತಹುದಕ್ಕೆ ಅವಕಾಶವಾಗಬೇಕೆಂದು ನಾನು ವಿನಯಪೂರ್ವಕವಾಗಿ ಸೂಚಿಸುತ್ತೇನೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕಾಲೇಜಿನ ಅಂಗಳದಲ್ಲಿ ವಿದ್ಯಾರ್ಥಿಗಳ ಸಂತೆ ನೆರೆಯಲಿ. ಔರಾದದವರು ಮೊಟ್ಟೆ, ಹೆಸರುಬೇಳೆ ತರಲಿ. ಭಾಲ್ಕಿಯವರು ಸಸಿ, ಬೆಲ್ಲ ತರಲಿ. ನಗರದವರು ನಕಾಶೆ, ಬಿದರಿಯ ಸಣ್ಣ ಒಡವೆಗಳನ್ನು ಇಡಲಿ. ಸೀತಾಫಲದ ಕಾಲದಲ್ಲಿ ಸೀತಾಫಲ ಬರಲಿ. ಕೊಳ್ಳುವವರು ನಮ್ಮ ಅಧ್ಯಾಪಕರು, ಪಾಲಕರು, ಸುತ್ತಲಿನ ನಾಗರಿಕರು. ಅರ್ಥಶಾಸ್ತ್ರ ವಿಭಾಗದ ಗುರುಗಳು ಪ್ರತಿಯೊಬ್ಬರ ಲೆಕ್ಕದ ಪುಸ್ತಕವನ್ನು ವರ್ಷಕ್ಕೊಮ್ಮೆ ಪರಿಶೀಲಿಸಿ ಸಹಿ ಹಾಕಲಿ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಗದಗಿನ ಬಳಿಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ, ಸಿದ್ಧನಗೌಡ ಪಾಟೀಲರ ಮುಂದಾಳತನದಲ್ಲಿ. ಒಂದು ಹಳ್ಳಿ ಅಂದು ಮಾಡಿದ್ದನ್ನು ಒಂದು ಕಾಲೇಜು ಇಂದು ಮಾಡಲಾರದೆ? ನೋಟ್‌ಬುಕ್ಕು, ಲೇಖನಿ, ಪರೀಕ್ಷೆಯ ಸಾಮಗ್ರಿಗಳನ್ನು ಮಾರುವ ಒಂದು ಪುಟ್ಟ ಸಹಕಾರಿ ಅಂಗಡಿಯನ್ನು ವಿದ್ಯಾರ್ಥಿಗಳೇ ನಡೆಸಿದರೆ ಗಳಿಕೆಯೂ ಆದೀತು, ಹೊಣೆಗಾರಿಕೆಯೂ ಬಂದೀತು.

ಪಾಲಕರಲ್ಲಿ ನನ್ನ ಬಿನ್ನಹ ಒಂದೇ. ಮಗನೋ ಮಗಳೋ ಎರಡು ಆಡು, ನಾಲ್ಕು ಕೋಳಿ, ಒಂದು ಹೊಲಿಗೆ ಯಂತ್ರವನ್ನು ತಮ್ಮ ಲೆಕ್ಕಕ್ಕೆ ಬಿಟ್ಟುಕೊಡಿರೆಂದು ಕೇಳಿದರೆ ಬಿಟ್ಟುಕೊಡಿರಿ. ಬಂದ ರೊಕ್ಕವನ್ನು ಮನೆಯ ಖರ್ಚಿಗೆ ಕೈಗಡ ತೆಗೆದುಕೊಂಡರೆ ಅದನ್ನೂ ಆ ಪುಸ್ತಕದಲ್ಲಿ ಬರೆಯಗೊಡಿರಿ. ವಿದ್ಯಾರ್ಥಿ ಮಿತ್ರರಲ್ಲಿಯೂ ಒಂದು ಮಾತು. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂದು ಹಿರಿಯರು ಹೇಳಿದ್ದಾರೆ; ಹನಿಯನ್ನು ಎಣಿಸಿಟ್ಟವನಿಗೆ ಮಾತ್ರ ಹಳ್ಳ ಎಲ್ಲಿಂದ ಬಂತೆಂಬುದು ತಿಳಿದೀತು. ಇಂದೇ ಒಂದು ನೋಟ್‌ಬುಕ್ಕು ಕೊಂಡು, ಮೊದಲನೆಯ ಪುಟದಲ್ಲಿ ನಿಮ್ಮ ಹೆಸರು ಬರೆದು, ಖರ್ಚಿನ ಸಾಲಿನಲ್ಲಿ ಆ ನೋಟ್‌ಬುಕ್ಕಿನ ಬೆಲೆಯನ್ನೇ ಮೊದಲು ದಾಖಲಿಸಿರಿ.

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ